ಕೆಟ್ಟ ಗಳಿಗೆಗೂ ಒಂದು ಫೋಟೋ

ಬೆಳಕು ಈಗಷ್ಟೇ ಹರಿಯುತ್ತಿದೆ. ಮಕ್ಕಳ ಆಸ್ಪತ್ರೆಯ ನೆಲಮಾಳಿಗೆಯ ತಣ್ಣನೆಯ ಕೋಣೆಯಲ್ಲಿ, ಸ್ವೆಟರಿನ ಮೇಲೆ ಶಾಲು ಹೊದ್ದ ಮಹಿಳೆಯೊಬ್ಬರು ಅಂಗೈ ಉಜ್ಜಿಕೊಳ್ಳುತ್ತ ಪರದೆಯ ಮುಂದೆ ಕೂರುತ್ತಾರೆ. "ಅವಧಿಗೆ ಮುಂಚೆ ಹುಟ್ಟಿದ ಕೂಸುಗಳ ವಾರ್ಡಿದೆಯಲ್ಲ, ಅದರ ಕಂಪ್ಯೂಟರಿಗೆ ಇವತ್ತು ಹೊಸ ಸಾಫ್ಟ್‌ವೇರ್. ಹಾಕೋಕೆ ಮುಂಚೆ ಒಂದು ಫೋಟೋ," ಎಂದು ಗುಂಡಿ ಒತ್ತುತ್ತಾರೆ. ಇಡೀ ಆಸ್ಪತ್ರೆಗೆ ಇವರು ಫೋಟೋ ಅಕ್ಕ.

ಕ್ಯಾಮೆರಾ ಇಲ್ಲಿಲ್ಲ. ಕೋಣೆಯ ನಡುವಿನ ಕಬ್ಬಿಣದ ಪೆಟ್ಟಿಗೆಯೊಳಗೆ ಹಲವು ಕಂಪ್ಯೂಟರ್‌ಗಳು ಒಂದೇ ವಠಾರದ ಬಾಡಿಗೆದಾರರಂತೆ ಬದುಕುತ್ತವೆ: ಔಷಧದಂಗಡಿಯದೊಂದು, ಪ್ರಯೋಗಾಲಯದ್ದೊಂದು, ವಾರ್ಡಿನದೊಂದು. ಇವೇ ವರ್ಚುವಲ್ ಮಷಿನ್‌ಗಳು. ಅವುಗಳಲ್ಲೊಂದು ಈ ಗಳಿಗೆಯಲ್ಲಿ ಹೇಗಿದೆಯೋ ಹಾಗೇ ಹಿಡಿದಿಟ್ಟರೆ ಅದು ಸ್ನ್ಯಾಪ್‌ಶಾಟ್. ಮುಂದೆ ಎಡವಟ್ಟಾದರೆ ಆ ಗಳಿಗೆಗೆ ಮರಳಬಹುದು. ಆದರೆ ಮರಳಿದರೆ, ಆಮೇಲೆ ಸೇರಿದ್ದೆಲ್ಲ ಅಳಿದುಹೋಗುತ್ತದೆ.

ಇದೇ ಆಸ್ಪತ್ರೆಯಲ್ಲಿ ಟೈಪಿಸ್ಟ್ ಆಗಿದ್ದವರು ಇವರು. ನಿವೃತ್ತಿಯಾಗಲಿದ್ದ ಹಿರಿಯರೊಬ್ಬರು ಪಕ್ಕದಲ್ಲಿ ಕೂರಿಸಿಕೊಂಡು ಈ ಕೆಲಸ ಕಲಿಸಿದರು. ಇವರು ಮನೆ ಬಿಡುವ ಹೊತ್ತಿಗೆ ಮಗಳು ಇನ್ನೂ ನಿದ್ದೆಯಲ್ಲಿರುತ್ತಾಳೆ. ಅವಳಿಗೆ ಜಡೆ ಹಾಕುವುದು ನಾದಿನಿ. "ಅಮ್ಮ ಫೋಟೋ ತೆಗೀತಾಳೆ ಅಂತ ಶಾಲೇಲಿ ಹೇಳ್ಬಿಟ್ಟಿದಾಳೆ. ಅವಳ ಟೀಚರ್ ಮದುವೆಗೆ ಕ್ಯಾಮೆರಾ ತನ್ನಿ ಅಂತ ಫೋನ್ ಬಂದಿತ್ತು!" ಮಾತಾಡುತ್ತಲೇ ಹೊಸ ಸಾಫ್ಟ್‌ವೇರ್ ಹಾಕಿ ಮುಗಿಸಿದ್ದಾರೆ. ನಗುವಿನ ನಡುವೆಯೇ ಫೋನ್ ಬಡಿದುಕೊಳ್ಳುತ್ತದೆ. ವಾರ್ಡಿನ ನರ್ಸ್.

"ಅಕ್ಕಾ, ಚಾರ್ಟ್ ತೆರೀತಾನೇ ಇಲ್ಲ! ಈಗಷ್ಟೇ ಕೂಸುಗಳ ತೂಕ ಎಲ್ಲ ಹಾಕಿದ್ವಿ."

"ಬರ್ಕೊಂಡಿಲ್ವೇನೇ?"

"ತಕ್ಕಡಿ ನೇರ ಕಂಪ್ಯೂಟರಿಗೇ ಕಳಿಸುತ್ತಲ್ಲ, ಯಾರು ಬರೀತಾರೆ?"

"ಮತ್ತೆ ತೂಗಿದ್ರೆ?"

"ಹಾಲು ಕುಡಿಸಾಯ್ತು. ಹಾಲಿನ ತೂಕಾನೂ ಸೇರುತ್ತೆ, ಡಾಕ್ಟರಮ್ಮ ಒಪ್ಪಲ್ಲ. ಕಿಟಕಿ ಹತ್ರದ ಪುಟ್ಟಿ ಇವತ್ತು ತೂಕ ಬಂದಿದ್ರೆ ಮನೆಗೆ ಹೋಗ್ತಾಳೆ. ಅವಳಮ್ಮ ಆಗ್ಲೇ ಚೀಲ ಕಟ್ಕೊಂಡು ಕೂತಿದಾಳೆ."

ಅಷ್ಟರಲ್ಲಿ ಆಸ್ಪತ್ರೆಯ ಮೇಲ್ವಿಚಾರಕರು ಏದುಸಿರು ಬಿಡುತ್ತ ಬರುತ್ತಾರೆ. "ಬೇಗ ಬೆಳಗಿನ ಫೋಟೋಗೆ ಹಿಂದಕ್ಕೆ ಹೋಗ್ಬಿಡಿ ಅಕ್ಕಾ!" ಅವರ ಆತುರವೂ ನ್ಯಾಯವೇ: ಯಾವ ಕೂಸಿಗೆ ಯಾವ ಔಷಧ ಎಂಬುದೂ ಅದೇ ಚಾರ್ಟಿನಲ್ಲಿದೆ.

"ಒಂದೇ ನಿಮಿಷ ಸಾರ್. ಕೆಟ್ಟಿರೋದರದ್ದೂ ಒಂದು ಫೋಟೋ ತೆಗೀತೀನಿ."

"ಕೆಟ್ಟಿದ್ದರ ಫೋಟೋ ಯಾರಿಗೆ ಬೇಕ್ರೀ?"

"ಕಿಟಕಿ ಹತ್ರದ ಪುಟ್ಟಿಗೆ. ಅವಳ ಇವತ್ತಿನ ತೂಕ ಇರೋದು ಅದರಲ್ಲೇ."

ಮೇಲ್ವಿಚಾರಕರು ಕುರ್ಚಿ ಎಳೆದುಕೊಳ್ಳುತ್ತಾರೆ. ಹಿಂದೆ ಹೋಗುವ ಮುಂಚೆ ಬಿಟ್ಟುಹೋಗುವುದನ್ನು ಒಮ್ಮೆ ತಿರುಗಿ ನೋಡಬೇಕೆಂಬುದು ಆ ಹಿರಿಯರು ಕಲಿಸಿದ ಪದ್ಧತಿ. ಎರಡನೇ ಸ್ನ್ಯಾಪ್‌ಶಾಟ್ ತೆಗೆದ ಮೇಲೆಯೇ ಅಕ್ಕ ಯಂತ್ರವನ್ನು ಮುಂಜಾವಿನ ಸ್ಥಿತಿಗೆ ಮರಳಿಸುತ್ತಾರೆ. ಚಾರ್ಟ್ ತೆರೆಯುತ್ತದೆ, ತೂಕದ ಕಾಲಂ ಮಾತ್ರ ಖಾಲಿ.

ಆಮೇಲೆ ಕೆಟ್ಟ ಗಳಿಗೆಯ ಆ ಚಿತ್ರದಿಂದ ಇನ್ನೊಂದು ಯಂತ್ರವನ್ನು, ಯಾವ ಜಾಲಕ್ಕೂ ಜೋಡಿಸದೆ, ಪಕ್ಕದಲ್ಲಿ ಎಬ್ಬಿಸುತ್ತಾರೆ. ಅದರ ಸಾಫ್ಟ್‌ವೇರ್ ಏಳುವುದಿಲ್ಲ, ಆದರೆ ಅಡಿಯಲ್ಲಿನ ಮಾಹಿತಿ ಹಾಗೇ ಇದೆ. ನಮ್ಮ ಕಣ್ಣಿಗೆ ಹಾಳಾಯಿತೆಂದು ಕಂಡದ್ದೆಲ್ಲ ಇಲ್ಲವಾಗಿರುವುದಿಲ್ಲ. ತೂಕಗಳನ್ನು ಹೆಕ್ಕಿ, ಒಂದೊಂದನ್ನೂ ಫೋನಿನಲ್ಲಿ ಓದಿ ಹೇಳುತ್ತಾರೆ. ಕಿಟಕಿ ಹತ್ತಿರದ ಪುಟ್ಟಿಯ ಸರದಿ ಬಂದಾಗ ಆ ಕಡೆಯಿಂದ ಕೀಲಿಮಣೆಯ ಟಕಟಕ ಮಾತ್ರ.

"ಲೈನಲ್ಲಿ ಇದೀಯೇನೇ?"

"ಇದೀನಿ ಅಕ್ಕಾ… ಈ ತೂಕ ಸಾಕು! ಬೇಕಾದ್ದಕ್ಕಿಂತ ಚೂರು ಜಾಸ್ತೀನೇ ಇದೆ!"

ಡಾಕ್ಟರಮ್ಮನ ರೌಂಡ್ಸ್ ಮುಗಿಯುವ ಹೊತ್ತಿಗೆ ಅಕ್ಕ ಹಳೆಯ ಚಿತ್ರಗಳನ್ನು ಅಳಿಸಲು ಕೂತಿರುತ್ತಾರೆ. ಹಾಗೇ ಬಿಟ್ಟರೆ ಅವು ದಿನೇ ದಿನೇ ಉಬ್ಬಿ, ಪೆಟ್ಟಿಗೆಯ ಜಾಗವನ್ನೆಲ್ಲ ನುಂಗಿ ಯಂತ್ರಗಳನ್ನೇ ನಿಲ್ಲಿಸಿಬಿಡುತ್ತವೆ. "ತೆಗೆಯೋದು ಎಲ್ರಿಗೂ ನೆನಪಿರುತ್ತೆ, ಅಳಿಸೋದು ಯಾರಿಗೂ ನೆನಪಿರಲ್ಲ," ಎಂದು ಗೊಣಗುತ್ತಾರೆ.

ಬಾಗಿಲು ತಟ್ಟಿದ ಸದ್ದು. ಹೊರಗೆ ನರ್ಸ್, ಅವಳ ಹಿಂದೆ ಚೀಲ ಹೆಗಲಿಗೇರಿಸಿ, ಕೂಸನ್ನು ಎದೆಗವಚಿಕೊಂಡ ತಾಯಿ.

"ಒಳಗೆ ಬರ್ಬೇಡಿ, ಇಲ್ಲಿ ಚಳಿ!" ಅಕ್ಕ ತಾವೇ ಹೊರಗೆ ಬಂದು ಬಾಗಿಲೆಳೆದುಕೊಳ್ಳುತ್ತಾರೆ. ಎಷ್ಟೋ ಕೂಸುಗಳ ತೂಕ ಕಾಯ್ದ ಇವರು ಆ ವಾರ್ಡಿನ ಒಂದು ಕೂಸನ್ನೂ ಇಷ್ಟು ಹತ್ತಿರದಿಂದ ನೋಡಿಲ್ಲ.

"ಎತ್ಕೊಳ್ಳಿ ಅಕ್ಕಾ," ಎನ್ನುತ್ತಾಳೆ ತಾಯಿ.

"ಅಯ್ಯೋ ಬೇಡಮ್ಮ, ನನ್ನ ಕೈ ಮಂಜುಗಡ್ಡೆ." ಅಂಗೈ ಉಜ್ಜುತ್ತಾರೆ, ಉಜ್ಜುತ್ತಲೇ ಇರುತ್ತಾರೆ. ಕೊನೆಗೆ ಶಾಲಿನ ತುದಿಯನ್ನು ಬೆರಳಿಗೆ ಸುತ್ತಿ ಆ ಪುಟ್ಟ ಪಾದವನ್ನು ಮುಟ್ಟುತ್ತಾರೆ.

"ಹಿಂದಕ್ಕೆ ಹೋಗೋದೆಲ್ಲ ನಾನು ನೋಡ್ಕೋತೀನಿ, ಪುಟ್ಟೀ. ನೀನು ಮುಂದಕ್ಕೇ ಹೋಗು."