ಹೋರಿಯ ಕೊರಳಲ್ಲಿ ಕಿವಿ ಮಷೀನು

ತಿಳವಳ್ಳಿಯ ಮಾಳಪ್ಪನಿಗೆ ಕಟ್ಟುವುದೆಂದರೆ ಕೈಗೆ ಬಂದ ವಿದ್ಯೆ. ಹೋರಿ ಹಬ್ಬಕ್ಕೆ ಕೊಬ್ಬರಿ ಹಾರ ಪೋಣಿಸುವುದು, ಕೋಡಿಗೆ ಗೊಂಡೆ ಕಟ್ಟುವುದು, ಹಗ್ಗ ಹೊಸೆಯುವುದು, ಇದರಲ್ಲೆಲ್ಲ ಹಾನಗಲ್ಲಿನಿಂದ ಹಿರೇಕೆರೂರಿನವರೆಗೆ ಅವನ ಹೆಸರಿತ್ತು. ಮಾಳಪ್ಪ ಹಾಕಿದ ಗಂಟನ್ನು ಬಿಚ್ಚಲು ಮಾಳಪ್ಪನೇ ಬರಬೇಕು ಎನ್ನುತ್ತಿದ್ದರು. ಅರವತ್ತು ದಾಟಿದ ಸಾಧು ಮನುಷ್ಯ. ಹೆಮ್ಮೆ ಮಾತ್ರ ಅವನ ಹೋರಿಯ ಹಾಗೆಯೇ, ತಿಂದು ತಿಂದು ಕೊಬ್ಬಿತ್ತು.

ಮೊಮ್ಮಗಳು ವಿದ್ಯಾಶ್ರೀಗೆ ಕಿವಿ ಮಂದ ಎಂಬುದು ಗೊತ್ತಾದದ್ದು ಶಾಲೆಯಲ್ಲಿ ನಡೆದ ತಪಾಸಣೆಯಲ್ಲಿ. ಆಸ್ಪತ್ರೆಗೆ ಅಲೆದಾಡಿ ಎರಡೂ ಕಿವಿಗೆ ಮಷೀನು ಬಂತು. ಹುಡುಗಿ ಒಂದು ವಾರ ಹಾಕಿಕೊಂಡಳು. ಶಾಲೆಯಲ್ಲಿ ‘ಹೆಡ್‌ಫೋನ್’ ಎಂದು ಹೆಸರಿಟ್ಟರು. ಎಂಟನೆಯ ದಿನ ಮಷೀನು ಎರಡೂ ಜೋಳದ ಡಬ್ಬಿಯಲ್ಲಿ ಸಿಕ್ಕವು. ತಾಯಿ ಮಂಜವ್ವ ಬೈದಳು, ಅತ್ತಳು, ಯಾವುದೂ ನಡೆಯಲಿಲ್ಲ.

ಮಾಳಪ್ಪನಿಗೂ ಹತ್ತು ವರ್ಷದಿಂದ ಸರಿಯಾಗಿ ಕೇಳಿಸುತ್ತಿರಲಿಲ್ಲ. ಅವನು ಅದನ್ನು ಒಪ್ಪಿದವನಲ್ಲ. ಈಗಿನ ಮಂದಿ ಬಾಯೊಳಗೇ ಮಾತಾಡುತ್ತಾರೆ ಎಂದು ಊರಿನ ಮೇಲೇ ಗೂಬೆ ಕೂರಿಸಿದ್ದ. ಆದರೆ ಹುಡುಗಿಯ ಮುಖ ನೋಡಲಾರದೆ ಒಂದು ದಿನ ಅವಳನ್ನು ಕಟ್ಟೆಯ ಮೇಲೆ ಕೂರಿಸಿಕೊಂಡ.

“ನೀ ಹಾಕ್ಕೊಂಡ್ರ ನಾನೂ ಒಂದ್ ಮಷೀನ್ ತಂದು ಹಾಕ್ಕೊಂತೇನಿ. ಯಾರರ ನಕ್ರ ಇಬ್ರಿಗೂ ನಗಲಿ. ಏನಂತಿ?”

“ಖರೇನ ಅಜ್ಜಾ?”

“ಗಿಡುಗನ ಆಣಿ.”

ಗಿಡುಗ ಅವನ ಹೋರಿ. ಅದರ ಮೇಲೆ ಅವನು ಸುಳ್ಳು ಆಣೆ ಇಡುವವನಲ್ಲ. ಹಾನಗಲ್ಲಿಗೆ ಹೋಗಿ ತೋರಿಸಿಕೊಂಡ, ಬಲಗಿವಿಗೆ ಒಂದು ಮಷೀನು ಬಂತು, ಹುಡುಗಿಯೂ ಹಾಕಿಕೊಂಡಳು.

ಆಮೇಲೆ ಅವನ ಉಪಚಾರ ನೋಡಬೇಕಿತ್ತು. ಓಡಾಟದಲ್ಲಿ ಹುಡುಗಿಯ ಮಷೀನು ಬೀಳಬಾರದೆಂದು ಕೆಂಪು ರೇಷ್ಮೆಯ ಸಣ್ಣ ದಾರ ಹೆಣೆದು ಎರಡಕ್ಕೂ ಸೇರಿಸಿ, ಅದರ ತುದಿಯನ್ನು ಅಂಗಿಯ ಕಾಲರಿಗೆ ಕ್ಲಿಪ್ಪಿನಿಂದ ಸಿಕ್ಕಿಸಿದ. ಬಸ್ಸಿನ ಕಿಟಕಿಯ ಪಕ್ಕ ಕೂತರೆ ತಲೆಗೆ ಸ್ಕಾರ್ಫು. ಮೋಡ ಕಟ್ಟಿದರೆ ಮಷೀನು ಡಬ್ಬಿಗೆ, ಡಬ್ಬಿ ಪ್ಲಾಸ್ಟಿಕ್ ಚೀಲಕ್ಕೆ. ಆಡಿ ಬಂದ ಕೂಡಲೇ ಬೆವರನ್ನು ಒಣ ಬಟ್ಟೆಯಿಂದ ಒರೆಸಬೇಕು. ಹಾನಗಲ್ಲಿನ ಕಿವಿ ಮೇಡಂ ಆ ದಾರ ಕಂಡು ಬೇರೆ ಮಕ್ಕಳ ತಾಯಂದಿರಿಗೂ ಹೇಳಿದರು. ಸವಣೂರಿನಿಂದ ಮುನವ್ವರಾ ಎಂಬಾಕೆ ತನ್ನ ಮಗಳಿಗೆ ದಾರ ಕೇಳಿಕೊಂಡು ಬಂದಾಗ ಮಾಳಪ್ಪ ದಾರದ ಜೊತೆಗೆ ಉಪದೇಶವನ್ನೂ ಕೊಟ್ಟು ಕಳಿಸಿದ.

“ನಾಚಿಗಿ ಯಾತರದ್ ಬೇ ತಂಗಿ? ಕಣ್ಣಿಗೆ ಚಾಳೀಸ ಹಾಕ್ಕೊಂಡಾರು ನಾಚ್ಕೊಂತಾರೇನ?”

ಹೇಳುವುದು ಶಾಸ್ತ್ರ, ತಿನ್ನುವುದು ಬದನೆಕಾಯಿ. ತನ್ನ ಮಷೀನಿಗೆ ಅವನು ದಾರ ಕಟ್ಟಲಿಲ್ಲ. ದಾರ ಮಂದಿಗೆ ಕಾಣುತ್ತದೆ! ಮನೆಯಿಂದ ಹೊರಗೆ ಕಾಲಿಟ್ಟರೆ ಅವನ ರುಮಾಲು ಬಲಗಿವಿಯ ಮೇಲೆ ಒಂದು ಸುತ್ತು ಹೆಚ್ಚಿಗೆ ಇಳಿಯುತ್ತಿತ್ತು. ಊರಿನಲ್ಲಿ ಯಾರಿಗೂ ಗೊತ್ತಿಲ್ಲವೆಂದು ಅವನ ಭಾವನೆ.

ಹೋದ ವರ್ಷ ದೀಪಾವಳಿ ಕಳೆದು ಊರ ಹೊರಗಿನ ಬಯಲಿನಲ್ಲಿ ಹೋರಿ ಹಬ್ಬ ಇಟ್ಟುಕೊಂಡರು. ಮಂದಿಯ ನಡುವೆ ಹೋರಿಯನ್ನು ಓಡಬಿಡುತ್ತಾರೆ, ಪೈಲ್ವಾನರು ಅದರ ಕೊರಳಿನ ಕೊಬ್ಬರಿ ಹಾರ ಹರಿಯಲು ಮುಗಿಬೀಳುತ್ತಾರೆ. ಅಲ್ಲಿಯ ನೂಕಾಟದಲ್ಲಿ ಅಂಗಿ ಹರಿಯುತ್ತದೆ, ಪಟಾಕಿ, ಹಲಗೆಯ ಸದ್ದು ಬೇರೆ. ಅಂಥ ಕಡೆ ಮಷೀನು ಮನೆಯಲ್ಲಿಟ್ಟು ಹೋಗಿರಿ ಎಂದು ಮೇಡಂ ಹೇಳಿದ್ದರು. ಮನೆಯಲ್ಲಿಟ್ಟರೆ ವಿದ್ಯಾಶ್ರೀ ನೋಡುತ್ತಾಳೆ. ಹಾಗಾಗಿ ಮಾಳಪ್ಪ ಹಾಕಿಕೊಂಡೇ ಹೊರಟ, ಓಣಿ ತಿರುಗಿದ ಮೇಲೆ ತೆಗೆದು ಡಬ್ಬಿಗೆ ಹಾಕಿದ. ಈಗ ಡಬ್ಬಿ ಎಲ್ಲಿಡುವುದು? ಅಂಗಿಯ ಕಿಸೆ ನಂಬುವಂತಿಲ್ಲ. ಯಾರ ಕೈಗಾದರೂ ಕೊಟ್ಟರೆ ಏನದು ಎಂದು ಕೇಳುತ್ತಾರೆ. ಆಗ ಅವನ ಕಣ್ಣು ಗಿಡುಗನ ಕೊರಳಿಗೆ ಹೋಯಿತು.

ನಾಲ್ಕು ವರ್ಷದಿಂದ ಆ ಕೊರಳಿನ ಕೊಬ್ಬರಿಯನ್ನು ಯಾವ ಪೈಲ್ವಾನನೂ ಹರಿದಿರಲಿಲ್ಲ. ಅದಕ್ಕಿಂತ ಭದ್ರವಾದ ತಿಜೋರಿ ಇಡೀ ತಾಲೂಕಿನಲ್ಲಿ ಎಲ್ಲಿದೆ? ಕೊಬ್ಬರಿ ಗಿಟುಕುಗಳ ನಡುವೆ ಡಬ್ಬಿ ಸೇರಿಸಿ, ಮೇಲೆ ಗೊಂಡೆ ಮುಚ್ಚಿ, ತನ್ನ ಹೆಸರುವಾಸಿ ಗಂಟು ಹಾಕಿದ. ಬುದ್ಧಿವಂತ ಮೂರು ಕಡೆ ಕೆಟ್ಟನಂತೆ. ಮಾಳಪ್ಪ ಒಂದೇ ಕಡೆ ಕೆಟ್ಟ, ಆದರೆ ಪೂರಾ ಕೆಟ್ಟ.

ಮಗ ದುರ್ಗೇಶ ಹೋರಿ ಬಿಟ್ಟ. ಗಿಡುಗ ಮೊದಲ ಗುಂಪನ್ನು ಸೀಳಿಕೊಂಡು ಹೋಯಿತು, ಎರಡನೆಯದನ್ನೂ ದಾಟಿತು. ಇನ್ನೇನು ಬಯಲಿನ ಕೊನೆ ಬಂತು ಎನ್ನುವಾಗ ಆಡೂರಿನ ಆನಂದ ಎಂಬ ಹುಡುಗ ಪಕ್ಕದಿಂದ ಹಾರಿ ಕೊರಳಿಗೆ ಜೋತುಬಿದ್ದ. ಹತ್ತು ಮಾರು ದರದರ ಎಳೆಸಿಕೊಂಡು ಹೋದ, ಕೈ ಬಿಡಲಿಲ್ಲ. ಗಂಟು ಬಿಚ್ಚಲಿಲ್ಲ. ಹಾರವೇ ನಡುವೆ ಹರಿದು ಅವನ ಕೈಗೆ ಬಂತು. ದುರ್ಗೇಶ ಹೋರಿಯ ಹಿಂದೆ ಓಡಿದ.

ಕೊಬ್ಬರಿ ಹರಿದವನು ಹಾರವನ್ನು ವೇದಿಕೆಗೆ ತರಬೇಕು, ಹೋರಿಯ ಯಜಮಾನನೂ ಬರಬೇಕು, ಇಬ್ಬರ ಹೆಸರೂ ಮೈಕಿನಲ್ಲಿ ಹೇಳುತ್ತಾರೆ. ಮಾಳಪ್ಪ ವೇದಿಕೆ ಹತ್ತಿದ. ಮೈಕು ಹಿಡಿದಿದ್ದವನು ಶಂಭುಲಿಂಗ, ವಾಚಾಳಿ ಮನುಷ್ಯ. ಅವನು ಹಾರ ಎತ್ತಿ ಹಿಡಿದಾಗ ಡಬ್ಬಿ ಕೆಳಗೆ ಬಿತ್ತು. ಆನಂದ ಎತ್ತಿಕೊಂಡು ಮುಚ್ಚಳ ತೆಗೆದ. ಮುಂದಿನ ಸಾಲಿನವರ ಹಲ್ಲು ಕಾಣಿಸಿದವು. ಮಾಳಪ್ಪನಿಗೆ ಎಲ್ಲವೂ ಸೇರಿ ಒಂದೇ ಗದ್ದಲ, ಒಂದು ಮಾತೂ ಬೇರೆಯಾಗಿ ಕೇಳಿಸುತ್ತಿರಲಿಲ್ಲ. ಆದರೆ ಹುಡುಗ ಡಬ್ಬಿ ಮುಂದೆ ಹಿಡಿದು ಹುಬ್ಬೇರಿಸಿದ್ದು ‘ಇದು ನಿಮ್ಮದೇನು?’ ಎಂದು ಕೇಳಲಿಕ್ಕೆ ಎಂಬುದು ಯಾರಿಗಾದರೂ ತಿಳಿಯುವಂತಿತ್ತು.

ಮಾಳಪ್ಪನಿಗೆ ನಾಲ್ಕು ವರ್ಷದ ಹೆಸರು ಹೋದ ಗಳಿಗೆಯಲ್ಲೇ ಇದೂ ಬರಬೇಕೇ ಎನ್ನಿಸಿತು.

“ನಂದಲ್ಲ,” ಎಂದ. “ಯಾರೋ ಚ್ಯಾಷ್ಟಿ ಮಾಡಿ ಕಟ್ಯಾರ. ಕಿವುಡರ ಮಷೀನ್ ತಗೊಂಡು ನಾ ಏನ್ ಮಾಡ್ಲಿ?”

ಪಕ್ಕದಲ್ಲಿದ್ದವನಿಗೆ ಹೇಳುವಷ್ಟೇ ಮೆಲ್ಲಗೆ ಹೇಳಿದೆ ಎಂದುಕೊಂಡ. ಡಬ್ಬಿಯನ್ನು ಮೇಜಿನ ಮೇಲಿಟ್ಟರು. ಸಂಜೆ ಮಂದಿ ಕರಗಿದ ಮೇಲೆ ಸದ್ದಿಲ್ಲದೆ ಎತ್ತಿಕೊಂಡರಾಯಿತು ಎಂದು ಲೆಕ್ಕ ಹಾಕಿ ಮನೆಗೆ ಬಂದ.

ವಿದ್ಯಾಶ್ರೀ ಕಟ್ಟೆಯ ಮೇಲೆ ಕೂತಿದ್ದಳು. ಎರಡೂ ಕಿವಿ ಬರಿದಾಗಿದ್ದವು. ಮಷೀನು ಎರಡನ್ನೂ ಕೆಂಪು ದಾರದಲ್ಲಿ ಸುತ್ತಿ, ಅಜ್ಜ ಮಲಗುವ ಹಾಸಿಗೆಯ ಮೇಲೆ ಇಟ್ಟಿದ್ದಳು.

“ಯಾಕವಾ?” ಎಂದ. ಹುಡುಗಿ ಮುಖ ತಿರುಗಿಸಿದಳು. ಮಂಜವ್ವ ಬಾಗಿಲಿಗೆ ಬಂದಳು. ಮಾವನಿಗೆ ಕೇಳಬೇಕಾದರೆ ಒದರಬೇಕು, ಒದರಿದರೆ ಓಣಿಗೆಲ್ಲ ಕೇಳುತ್ತದೆ. ಆಕೆ ಒದರಲಿಲ್ಲ. ತಲೆಯ ಸೆರಗು ಸರಿಮಾಡಿಕೊಂಡು, ಬೀದಿಯ ಕಂಬಕ್ಕೆ ಕಟ್ಟಿದ್ದ ಲೌಡ್‌ಸ್ಪೀಕರನ್ನು ತೋರಿಸಿದಳು. ಆಮೇಲೆ ಅವನ ಬಾಯಿ ತೋರಿಸಿದಳು. ಕೊನೆಗೆ ಮಗಳ ಕಿವಿ.

ಶಂಭುಲಿಂಗನ ಮೈಕು ತನ್ನ ಬಾಯಿಯ ಮುಂದೆಯೇ ಇತ್ತು ಎಂಬುದು ಅವನಿಗೆ ಆಗ ತಿಳಿಯಿತು. ತಾನೇ ಆಣೆ ಇಟ್ಟು ಹಾಕಿಸಿದ್ದ ಮಷೀನಿನಿಂದ ಹುಡುಗಿ ಆ ಮಾತನ್ನು ಒಂದಕ್ಷರವೂ ಬಿಡದೆ ಕೇಳಿಸಿಕೊಂಡಿದ್ದಳು. ನಾಚಿಕೆ ಎಂದರೇನೆಂದು ಮಾಳಪ್ಪನಿಗೆ ಅರವತ್ತು ವರ್ಷ ಗೊತ್ತಿರಲಿಲ್ಲ. ಮಂದಿ ನಗುವುದನ್ನೇ ಅವನು ನಾಚಿಕೆ ಎಂದುಕೊಂಡಿದ್ದ. ಎಂಟು ವರ್ಷದ ಹುಡುಗಿಯ ಕಡೆ ಕಣ್ಣೆತ್ತಿ ನೋಡಲು ಆಗಲಿಲ್ಲ.

ಬಂದ ಕಾಲಲ್ಲೇ ಬಯಲಿಗೆ ನಡೆದ. ವೇದಿಕೆ ಹತ್ತಿ ಶಂಭುಲಿಂಗನ ಕೈಯಿಂದ ಮೈಕು ಕಸಿದುಕೊಂಡ.

“ಆ ಮಷೀನ್ ನಂದು. ತಿಳವಳ್ಳಿ ಮಾಳಪ್ಪಂದು. ನನಗ ಕಿವಿ ಕೇಳಸಂಗಿಲ್ಲ. ಆಗಳೆ ಸುಳ್ಳ ಹೇಳೇನಿ.”

ಮಂದಿಯ ಬಾಯಿ ಅಲುಗಿದವು. ಬೈದರೋ ನಕ್ಕರೋ ಗೊತ್ತಾಗಲಿಲ್ಲ. ಆನಂದ ಡಬ್ಬಿಯನ್ನು ತಂದು ಎರಡೂ ಕೈಯಲ್ಲಿ ಹಿಡಿದು ಕೊಟ್ಟ. ಮಾಳಪ್ಪ ರುಮಾಲು ತೆಗೆದು ಅಲ್ಲಿಯೇ ಮಷೀನು ಹಾಕಿಕೊಂಡ. ಕೇಳಿಸಿದ ಮೊದಲ ಮಾತು ಶಂಭುಲಿಂಗನದು. ಮಾಸೂರಿನ ಹೋರಿ ಬರುತ್ತಿದೆ, ದಾರಿ ಬಿಡಿರಿ ಎನ್ನುತ್ತಿದ್ದ.

ಮನೆಗೆ ಬಂದು ಹುಡುಗಿಯ ಮುಂದೆ ನೆಲಕ್ಕೆ ಕೂತ. ಅವಳಿಗೆ ತುಟಿ ಕಾಣುವಂತೆ ನಿಧಾನವಾಗಿ ಹೇಳಿದ.

“ನಂದು ಅಂತ ಮೈಕ್‌ನ್ಯಾಗ ಹೇಳಿ ಬಂದೇನಿ ವಿದ್ಯಾ. ಊರ ಮಂದಿ ಮುಂದ.”

ಅವಳು ಅವನ ತುಟಿಯನ್ನೇ ನೋಡುತ್ತಿದ್ದಳು. “ನನಗ ಕೇಳಲಿಲ್ಲ,” ಎಂದಳು.

ನಿಜವೇ. ಅವನು ಊರಿಗೆಲ್ಲ ಕೇಳುವಂತೆ ಹೇಳುವಾಗ ಅವಳ ಮಷೀನು ಎರಡೂ ಅವನ ಹಾಸಿಗೆಯ ಮೇಲೆ ಇದ್ದವು. ಎದ್ದು ಹೋಗಿ ಅವನ್ನು ತಂದು ಅವಳ ಮುಂದಿಟ್ಟ. ಆ ದಿನ ಅವಳು ಹಾಕಿಕೊಳ್ಳಲಿಲ್ಲ, ಮರುದಿನವೂ ಇಲ್ಲ.

ಸೋಮವಾರ ಶಾಲೆಯ ಹೊತ್ತಿಗೆ ಎದುರು ಬಂದು ನಿಂತಳು. “ರುಮಾಲ್ ಇಲ್ದ ಸಾಲಿತನಕ ಬರ್ತಿಯೇನ?” ಎಂದು ಕೇಳಿದಳು. ಅವನು ಬರಿತಲೆಯಲ್ಲಿ ಎದ್ದ. ಆಗ ತನ್ನವನ್ನು ತಾನೇ ಹಾಕಿಕೊಂಡಳು. ದಾರ ಸಿಕ್ಕಿಸಲು ಅವನು ಕೈ ಮುಂದೆ ಮಾಡಿದರೆ ಒಂದು ಹೆಜ್ಜೆ ಹಿಂದೆ ಸರಿದಳು.

ಇವತ್ತಿಗೂ ದಿನಾ ಬೆಳಿಗ್ಗೆ ಇಬ್ಬರೂ ಬಸ್‌ಸ್ಟ್ಯಾಂಡ್ ದಾಟಿ ಶಾಲೆಗೆ ಹೋಗುತ್ತಾರೆ. ಚಹಾದಂಗಡಿಯ ಬೆಂಚಿನ ಮೇಲಿರುವ ಮಂದಿ ಅವನಿಗೆ ಒಂದು ಹೊಸ ಹೆಸರಿಟ್ಟಿದ್ದಾರೆ. “ನಂದಲ್ಲ ಮಾಳಪ್ಪ, ಬಾರೋ, ಚಾ ಕುಡದು ಹೋಗು!” ಎಂದು ಕೂಗುತ್ತಾರೆ. ಹುಡುಗಿ ತಲೆಯೆತ್ತಿ ಅಜ್ಜನ ಬಲಗಿವಿಯ ಕಡೆ ನೋಡುತ್ತಾಳೆ. ಮಷೀನು ತೆಗೆದು ಕಿಸೆಗೆ ಹಾಕಿದರೆ ಆ ಕೂಗು ಅವನಿಗೆ ಕೇಳಿಸುವುದಿಲ್ಲ. ಅವನು ತೆಗೆಯುವುದಿಲ್ಲ.