ಗಜದ ಮೇಲಿನ ಗೀರು

ಮೊಮ್ಮಕ್ಕಳೇ, ಸ್ನೇಹಾ, ಶರಣು, ನಿಮ್ಮ ಆಯಿ ನಾನು ಚಿಕ್ಕವಳಿದ್ದಾಗ ಹಿರೋಳ್ಳಿಯ ನಮ್ಮ ಮನೆಯಲ್ಲಿ ಒಂದು ಬಂದೂಕು ಇತ್ತು. ಹಂದಿಗಳು ಶೇಂಗಾ ಹೊಲಕ್ಕೆ ನುಗ್ಗುತ್ತಿದ್ದುದರಿಂದ ಅಪ್ಪ ಲೈಸೆನ್ಸ್ ಮಾಡಿಸಿ ಇಟ್ಟುಕೊಂಡಿದ್ದ ಹಳೆಯ ಕಾಲದ ಬಂದೂಕು ಅದು. ನಳಿಗೆಯ ಬಾಯಿಯಿಂದಲೇ ಕರಿ ಮದ್ದು ಸುರಿದು ತುಂಬಬೇಕು.

ಅಪ್ಪ ತುಂಬಲು ಕೂತರೆ ಮೊದಲು ಒಲೆ ಆರಬೇಕು. ಬೀಡಿ ಸೇದುವವರು ಅಂಗಳ ದಾಟಿ ಹೋಗಬೇಕು. ಬಿದಿರಿನ ಅಳತೆಯಲ್ಲಿ ಒಂದೇ ಒಂದು ಅಳತೆ ಮದ್ದು, ಅದರ ಮೇಲೆ ಬಟ್ಟೆಯ ಉಂಡೆ, ಆಮೇಲೆ ಸೀಸದ ಗುಂಡುಗಳು, ಮತ್ತೆ ಬಟ್ಟೆ. ಪ್ರತಿಸಲ ಗಜದಿಂದ ಒತ್ತುತ್ತಿದ್ದ. ಗಜವೆಂದರೆ ನಳಿಗೆಯೊಳಗೆ ಇಳಿಸುವ ಉದ್ದನೆಯ ಕೋಲು. ಅದರ ಮೇಲೆ ಅಪ್ಪ ಚಾಕುವಿನಿಂದ ಒಂದು ಗೀರು ಹಾಕಿದ್ದ. ಸರಿಯಾಗಿ ತುಂಬಿದ್ದರೆ ಗೀರು ನಳಿಗೆಯ ಬಾಯಿಗೆ ಸರಿಸಮ ನಿಲ್ಲಬೇಕು. ಕಿಡಿ ಹಾರಿಸುವ ಕೇಪನ್ನು ಮಾತ್ರ ಮನೆಯಲ್ಲಿ ಹಾಕುತ್ತಿರಲಿಲ್ಲ. ಹೊಲಕ್ಕೆ ಹೋದ ಮೇಲೆ, ಬಾಯಿಯನ್ನು ಬಯಲಿನ ಕಡೆಗೆ ತಿರುಗಿಸಿ, ಕಟ್ಟಕಡೆಗೆ.

ಇಷ್ಟೂ ಹೊತ್ತು ಮನೆಯಲ್ಲಿ ಯಾರೂ ತುಟಿ ಬಿಚ್ಚುವಂತಿರಲಿಲ್ಲ. ಮಾತಾಡಿದರೆ ಲೆಕ್ಕ ತಪ್ಪುತ್ತದೆ ಎನ್ನುತ್ತಿದ್ದ ಅಪ್ಪ. ತುಂಬಿದ ಬಂದೂಕು ಮೂಲೆಯಲ್ಲಿ ನಿಲ್ಲಬೇಕು, ಖಾಲಿಯದು ಗೋಡೆಯ ಗೂಟಕ್ಕೆ ತೂಗಬೇಕು. ಇದೂ ನಮ್ಮ ಮನೆಯ ಕಟ್ಟಳೆ.

ಆ ದಿನ ಮುಂಜಾನೆ ಅಪ್ಪ ಬಂದೂಕು ತುಂಬಿ ಮೂಲೆಗೆ ನಿಲ್ಲಿಸಿದ್ದಷ್ಟೇ, ಪಕ್ಕದ ಮನೆಯ ಕಾಕಾ ಓಡಿ ಬಂದ. "ಅಣ್ಣಾ, ಎತ್ತು ಹಳ್ಳದ ಕೆಸರಾಗ ಸಿಕ್ಕೊಂಡದ, ಲಗೂನ ಬರ್ರಿ!" ಅಪ್ಪ ಹಗ್ಗ ತೆಗೆದುಕೊಂಡು ಹಾಗೆಯೇ ಹೋದ.

ಅಕ್ಕ ನೆಲ ಸಾರಿಸಲು ಬಂದಳು. ಮೂಲೆಯೂ ಸಾರಿಸಬೇಕಲ್ಲ! ಬಂದೂಕಿನ ಹಿಡಿಕೆಗೆ ಸಗಣಿ ಹತ್ತಬಾರದೆಂದು ಅದನ್ನು ಎತ್ತಿ ಗೂಟಕ್ಕೆ ಹಾಕಿದಳು. ನೆಲ ಒಣಗಿದ ಮೇಲೆ ಕೆಳಗಿಡುವುದನ್ನು ಮರೆತು ರೊಟ್ಟಿ ಬಡಿಯಲು ಹೋದಳು. ನನಗೂ ಅದು ನೆನಪಾಗಲಿಲ್ಲ.

ಸಂಜೆಗೆ ಅಪ್ಪ ಕೆಸರುಗಾಲಿನಲ್ಲಿ ಬಂದ. ಹಂದಿಗಳು ಆಗಲೇ ಹೊಲದ ಬದುವಿಗೆ ಬಂದಿವೆಯೆಂದು ದಾರಿಯಲ್ಲಿ ಕೇಳಿ ಬಂದಿದ್ದ. ಅವಸರದಲ್ಲಿ ಗೂಟ ನೋಡಿದ, ಬಂದೂಕು ಇಳಿಸಿಕೊಂಡ, ಅಂಗಳದಲ್ಲಿ ಕೂತು ಮದ್ದು ಸುರಿದ. ಎದುರಿಗೆ ಶೇಂಗಾ ಬಿಡಿಸುತ್ತ ಕೂತಿದ್ದ ನನ್ನ ಬೆರಳುಗಳು ನಿಂತವು. ಬಟ್ಟೆ, ಗುಂಡು, ಮತ್ತೆ ಬಟ್ಟೆ. ಅಪ್ಪನ ಕಣ್ಣು ಮುಳುಗುವ ಸೂರ್ಯನ ಮೇಲಿತ್ತು. ನನ್ನ ಕಣ್ಣು ಗಜದ ಮೇಲಿತ್ತು. ಗೀರು ನಳಿಗೆಯ ಬಾಯಿಗಿಂತ ನಾಲ್ಕು ಬೆರಳು ಮೇಲೆ ನಿಂತಿತ್ತು.

ಬಾಯಿ ತೆರೆದೆ. ಮಾತಾಡಬಾರದಲ್ಲ, ಮುಚ್ಚಿದೆ. ಅಪ್ಪ ಎದ್ದು ಹೊಲದ ದಾರಿ ಹಿಡಿದ.

ಒಳಗೆ ಹೋದೆ, ಹೊರಗೆ ಬಂದೆ. ತುಂಬಿದ ಕೊಡದ ಮೇಲೆ ಮತ್ತೆ ನೀರು ಹಾಕಿ ಚೆಲ್ಲಿದೆ. ಅಕ್ಕ ನಕ್ಕಳು. "ಯಾಕಬೇ, ಕಾಲಾಗ ಇರವಿ ಹೊಕ್ಕಾವೇನು?" ಹೇಳಿದರೆ ಅಕ್ಕನಿಗೆ ಬೈಗುಳ. ಹೇಳದಿದ್ದರೆ? ಎರಡು ಸಲ ತುಂಬಿ ಹಾರಿಸಿದ ಒಬ್ಬನ ಬಂದೂಕು ಕೈಯಲ್ಲೇ ಸೀಳಿ ಬೆರಳು ಹೋದ ಸುದ್ದಿಯನ್ನು ಅಪ್ಪನೇ ಹೇಳಿದ್ದ. ಆ ಬೆರಳುಗಳು ನನ್ನ ಕಣ್ಣಮುಂದೆ ಬಂದವು. ಚಪ್ಪಲಿಯನ್ನೂ ಮೆಟ್ಟದೆ ಓಡಿದೆ.

ಕಪ್ಪು ಮಣ್ಣಿನ ಹೆಂಟೆಗಳು ಅಂಗಾಲಿಗೆ ಚುಚ್ಚುತ್ತಿದ್ದವು. ಅಪ್ಪ ಬದುವಿನ ಮೇಲೆ ನಿಂತು ಡಬ್ಬಿಯಿಂದ ಕೇಪು ತೆಗೆಯುತ್ತಿದ್ದ. ಮಾತಾಡಲೇಬಾರದ ಹೊತ್ತೆಂದರೆ ಅದೇ.

"ಅಪ್ಪಾ! ಎರಡ್ ಸಲ ತುಂಬೀದಿ!"

ನನಗೆ ಅಷ್ಟು ದೊಡ್ಡ ದನಿ ಇದೆಯೆಂದು ನನಗೇ ಗೊತ್ತಿರಲಿಲ್ಲ. ಹಂದಿಗಳು ಬೆಳೆಯೊಳಗೆ ಚೆದುರಿ ಓಡಿದವು. ಅಪ್ಪ ಸಿಟ್ಟಿನಿಂದ ತಿರುಗಿದ.

"ಯಾರ್ ಹೇಳ್ಯಾರಬೇ ನಿನಗ?"

"ಗೀರು ನಾಕ್ ಬೆರಳ ಮ್ಯಾಲಿತ್ತು. ಮುಂಜಾನಿದು ಒಳಗೇ ಅದ. ಅಕ್ಕ ಸಾರಿಸೂವಾಗ ಗೂಟಕ್ಕ ಹಾಕಿದಳು."

ಅಪ್ಪ ಕೇಪನ್ನು ಡಬ್ಬಿಗೆ ಹಾಕಿ ಮುಚ್ಚಿದ. ಬಾಯಿಯನ್ನು ಬಯಲಿಗೆ ಮಾಡಿ, ಗಜವನ್ನು ಮೆಲ್ಲಗೆ ಇಳಿಸಿ, ಗೀರಿನ ಕೆಳಗೆ ಬೆರಳಿಟ್ಟು ಅಳೆದ. ಒಂದು, ಎರಡು, ಮೂರು, ನಾಲ್ಕು. ನನ್ನ ಕೈ ಹಿಡಿದು ಬದುವಿನ ಮೇಲೆ ಕೂತ. ಕುಡಿಯಲು ತಂದಿದ್ದ ತಂಬಿಗೆಯ ನೀರನ್ನು ನಳಿಗೆಯೊಳಗೆ ಸುರಿದ. ಮದ್ದು ನೆನೆಯಿತು. ಹಂದಿಗಳು ಮರಳಿ ಬಂದು ನಮ್ಮೆದುರೇ ಎರಡು ಸಾಲು ಶೇಂಗಾ ಕಿತ್ತು ತಿಂದವು. ಅಪ್ಪ ನನ್ನ ಕೈ ಬಿಡಲಿಲ್ಲ.

ಮನೆಯಲ್ಲಿ ಅಕ್ಕ ಅಳತೊಡಗಿದಾಗ ಅಪ್ಪ ಹೇಳಿದ್ದು ಇಷ್ಟೇ: "ಗೂಟ ನೋಡಿದೆ, ಗೀರು ನೋಡಲಿಲ್ಲ. ತಪ್ಪು ನಂದು."

ಅಂದಿನಿಂದ ಬಂದೂಕು ತುಂಬುವಾಗ ನಾನು ಎದುರಿಗೆ ಕೂರಬೇಕಾಯಿತು. ಅಪ್ಪ ಕೇಳುತ್ತಿದ್ದ, "ಹೇಳಬೇ, ಎಷ್ಟನೇದು?" ಬಂದವರೆದುರು ಬಾಗಿಲ ಹಿಂದೆ ನಿಲ್ಲುತ್ತಿದ್ದ ನಾನು ಅದೊಂದಕ್ಕೆ ಮಾತ್ರ ಓಣಿಗೆಲ್ಲ ಕೇಳುವಂತೆ ಕೂಗುತ್ತಿದ್ದೆ, "ಒಂದನೇದು!"

ಇಲ್ಲಿ ಜೇವರ್ಗಿಯ ನಿಮ್ಮ ಮನೆಯಲ್ಲಿ ಬಂದೂಕಿಲ್ಲ, ಹಂದಿಯ ಭಯವೂ ಇಲ್ಲ. ನಾನು ಹಾಲಿಟ್ಟು ಮರೆತರೆ ನೀವು ಒಳಗಿನಿಂದಲೇ "ಆಯೀ, ಗ್ಯಾಸ್ ಬಂದ್ ಮಾಡಿಲ್ಲ!" ಎಂದು ಅರಚುತ್ತೀರಿ. ನಿಮ್ಮ ಅಜ್ಜ ಇದ್ದಾಗ ನಿಮ್ಮನ್ನು ಗದರುತ್ತಿದ್ದರು, ಹಿರಿಯರ ಮೇಲೆ ಕೂಗುತ್ತೀರೆಂದು. ನಾನು ಮಾತ್ರ ಗದರಲಿಲ್ಲ. ಏಕೆಂದು ಈಗ ನಿಮಗೆ ತಿಳಿಯಿತು.

ಬಂದೂಕನ್ನು ಅಪ್ಪ ಕೊನೆಗಾಲದಲ್ಲಿ ಠಾಣೆಗೆ ಒಪ್ಪಿಸಿದ. ಗಜ ಉಳಿಯಿತು. ನೀವು ಚೆಂಡು ಹೊರಗೆಳೆಯಲು ಮಂಚದ ಕೆಳಗೆ ಹಾಕುತ್ತೀರಲ್ಲ, ಅದೇ ಕೋಲು. ಬೆಳಕಿಗೆ ಹಿಡಿದು ನೋಡಿ, ಗೀರು ಇನ್ನೂ ಇದೆ. ಈ ಹಾಳೆಗಳನ್ನು ಓದಿದ ಮೇಲೆ ಎಲ್ಲೆಂದರಲ್ಲಿ ಎಸೆಯಬೇಡಿ, ಮಕ್ಕಳೇ. ಸುರುಳಿ ಸುತ್ತಿ, ಆ ಕೋಲಿಗೇ ದಾರದಿಂದ ಕಟ್ಟಿಡಿ. ಗೀರು ಮಾತ್ರ ಮುಚ್ಚದ ಹಾಗೆ.