ಮೈಕಿಗೆ ಸಿಕ್ಕ ರೊಟ್ಟಿ ಸಪ್ಪಳ

"ಯವ್ವಾ, ರೊಟ್ಟಿ ಬಡಿಯೂದು ಸ್ವಲ್ಪ ನಿಲ್ಲಸಬೇ! ಆಟದಾಗ ಎಲ್ಲಾರಿಗೂ ಇದ ಕೇಳಾಕತ್ತೈತಿ!"

ಮಗಳು ಪಡಸಾಲೆಯಿಂದ ಕೂಗಿದಳು. ಕಾಲೇಜು ಮುಗಿಸಿ ಬಂದಮೇಲೆ ಟಿ.ವಿ.ಗೆ ಗೇಮಿನ ಪೆಟ್ಟಿಗೆ ಜೋಡಿಸಿ, ಎಲ್ಲೆಲ್ಲಿಯವರ ಜೊತೆಗೋ ಮಾತಾಡುತ್ತ ಆಡುವುದು ಅವಳ ರೂಢಿ. ಹೆಡ್‌ಫೋನಿನ ಮೈಕ್ ಕೆಟ್ಟುಹೋಗಿತ್ತು. ಅವತ್ತು ಅಂಗಿಗೆ ಸಿಕ್ಕಿಸುವ ಪುಟ್ಟ ಮೈಕೊಂದನ್ನು ತಂದು ರಬ್ಬರ್ ಬ್ಯಾಂಡಿನಿಂದ ಅದಕ್ಕೆ ಕಟ್ಟಿದ್ದಳು. ಅದೋ, ಅವಳ ಮಾತಿಗಿಂತ ನನ್ನ ಅಡುಗೆಮನೆಯನ್ನೇ ಹೆಚ್ಚು ಹಿಡಿಯುತ್ತಿತ್ತು.

ನಾನು ಆಫೀಸು ಮುಗಿಸಿ ಕೊಪ್ಪಳದಿಂದ ಕುಷ್ಟಗಿವರೆಗೆ ಬಸ್ಸಿನಲ್ಲಿ ನಿಂತೇ ಬಂದಿದ್ದೆ. "ನಿಲ್ಲಿಸಿದರ ರಾತ್ರಿ ಏನ ಉಣತೀರಿ?" ಎಂದು ಗದರಿದೆ. ಅದೂ ಮೈಕಿಗೆ ಬಿತ್ತು. ಮಗಳು ನಗುತ್ತ ಬಂದು ಹೆಡ್‌ಫೋನನ್ನು ನನ್ನ ಕಿವಿಗೆ ಹಾಕಿದಳು. ಗುರುತಿಲ್ಲದ ಹುಡುಗನೊಬ್ಬ ನಮ್ಮ ಕಡೆಯ ಮಾತಿನಲ್ಲೇ ಅಂದ: "ಅವ್ವಾರ, ಭಾಳ ಹೊತ್ತಿಂದ ಬಡ್ಯಾಕತ್ತೀರಿ. ಕೈ ನೋಯಂಗಿಲ್ಲೇನ್ರಿ?"

ಹಿಟ್ಟು ಮೆತ್ತಿದ ಕೈಯನ್ನು ತಿರುವಿ ತಿರುವಿ ನೋಡಿಕೊಂಡೆ. ಹಂಚಿನ ಮೇಲಿನ ರೊಟ್ಟಿ ಹೊತ್ತಿತು.

ಮರುದಿನ ಮಗಳು ಮೈಕಿಗೆ ಸ್ಪಂಜು ಸುತ್ತಿದಳು. ನನ್ನ ಸಪ್ಪಳ ಈಗ ಹೊರಗೆ ಹೋಗುವುದಿಲ್ಲ. ಆದರೆ ಆ ಹುಡುಗ ಹಾಗೆ ಅಂದಾಗಿನಿಂದ, ರೊಟ್ಟಿ ಬಡಿಯುವಾಗ ನನಗೆ ಕೈ ನೋಯುತ್ತದೆ.